ನೇಷನ್‌ಸ್ಟೇಟ್ಸ್‌ಗೆ ಇಶ್ಯೂ ಬರೆಯುವವರಿಗೆ: ಕರಡು ತಿದ್ದಿಸಿಕೊಂಡರೆ ಲಾಭವೆಷ್ಟು?

ಆಸ್ಟ್ರೇಲಿಯಾದ ಲೇಖಕ ಮ್ಯಾಕ್ಸ್ ಬ್ಯಾರಿ ತನ್ನ ಕಾದಂಬರಿಯ ಪ್ರಚಾರಕ್ಕೆಂದು 2002ರಲ್ಲಿ ಶುರುಮಾಡಿದ ಆಟ ನೇಷನ್‌ಸ್ಟೇಟ್ಸ್. ಪ್ರಚಾರ ಮುಗಿದು ಎಷ್ಟೋ ಕಾಲವಾಯಿತು, ಆಟ ಮಾತ್ರ ಇನ್ನೂ ನಡೆಯುತ್ತಿದೆ. ಬ್ರೌಸರ್‌ನಲ್ಲೇ ಒಂದು ದೇಶ ಕಟ್ಟಿಕೊಳ್ಳುತ್ತೀರಿ, ದಿನಾ ಒಂದಷ್ಟು ‘ಇಶ್ಯೂ’ಗಳು ಬರುತ್ತವೆ. ಪ್ರತಿಯೊಂದರಲ್ಲೂ ಒಂದು ಬಿಕ್ಕಟ್ಟು, ಅದರ ಕೆಳಗೆ ಜಗಳವಾಡುವ ಎರಡು ಮೂರು ಪಾತ್ರಗಳು. ಯಾರ ಮಾತನ್ನು ಒಪ್ಪುತ್ತೀರೋ ಅದರ ಪ್ರಕಾರ ದೇಶದ ತೆರಿಗೆ, ಅಪರಾಧ, ನಾಗರಿಕ ಹಕ್ಕು ಏರಿಳಿಯುತ್ತವೆ. ಇವುಗಳಲ್ಲಿ ಬಹುಪಾಲು ಆಟಗಾರರೇ ಬರೆದವು. ಇಲ್ಲಿ ನೋಡುತ್ತಿರುವುದು ಆಟವನ್ನಲ್ಲ, ಸಲ್ಲಿಸುವ ಮುಂಚೆ ಕರಡನ್ನು ಉಳಿದ ಬರಹಗಾರರ ಕೈಗಿಟ್ಟು ತಿದ್ದಿಸಿಕೊಳ್ಳುವ ಪದ್ಧತಿಯನ್ನು.

ಪುಕ್ಕಟೆ ಸಿಗುವ ಸಲಹೆಯ ಮಟ್ಟಕ್ಕೆ ಇದು ಬಹಳ ಚೆನ್ನಾಗಿದೆ. ತರ್ಕದ ವಿಷಯದಲ್ಲಿ ತಿದ್ದುವವರ ಮಾತನ್ನು ಪೂರ್ತಿ ಕೇಳಬಹುದು. ಹಾಸ್ಯದ ವಿಷಯದಲ್ಲಿ ಅರ್ಧ ಕೇಳಿದರೆ ಸಾಕು.

ಒಂದು ಉದಾಹರಣೆ ಹಿಡಿದು ನೋಡೋಣ. ಅಂಗಡಿ ಬೋರ್ಡಿನಲ್ಲಿ 60% ಕನ್ನಡ ಇರಬೇಕೆಂಬ 2024ರ ಕಾನೂನು ನಮ್ಮಲ್ಲಿ ಎಬ್ಬಿಸಿದ ಗದ್ದಲ ಇಶ್ಯೂಗೆ ಹೇಳಿಮಾಡಿಸಿದ ಸರಕು. ಹೊಸಬರು ಸಾಮಾನ್ಯವಾಗಿ ಹೀಗೆ ಶುರುಮಾಡುತ್ತಾರೆ: ‘ನಿಮ್ಮ ಸರ್ಕಾರ ಬೋರ್ಡುಗಳಿಗೆ ಭಾಷಾ ನಿಯಮ ತಂದಿದೆ, ವ್ಯಾಪಾರಿಗಳು ಸಿಟ್ಟಾಗಿದ್ದಾರೆ.’ ಅನುಭವಿಗಳು ಮೊದಲು ಕೈಯಿಡುವುದು ಇಲ್ಲೇ. ನಿಯಮ ತಂದವರು ಯಾರು? ಆಟಗಾರ ತಂದಿಲ್ಲವಲ್ಲ! ಅವನು ಮಾಡದ ತೀರ್ಮಾನವನ್ನು ಅವನ ತಲೆಗೆ ಕಟ್ಟುವ ಹಾಗಿಲ್ಲ. ಹಾಗಾಗಿ ಘಟನೆಯಿಂದ ಆರಂಭಿಸಬೇಕು: ಯಾರೋ ಒಂದು ಕಾಫಿ ಅಂಗಡಿಯ ಬೋರ್ಡಿಗೆ ಮಸಿ ಬಳಿದಿದ್ದಾರೆ, ಈಗ ಎರಡೂ ಕಡೆಯವರು ನಿಮ್ಮ ಬಾಗಿಲಿಗೆ ಬಂದಿದ್ದಾರೆ.

ಎರಡನೇ ಪೆಟ್ಟು ಬೀಳುವುದು ‘ವ್ಯಾಪಾರಿಗಳು’ ಎಂಬ ಪದಕ್ಕೆ. ಖಾಸಗಿ ವ್ಯಾಪಾರವನ್ನೇ ನಿಷೇಧಿಸಿದ ದೇಶಗಳೂ ಆಟದಲ್ಲಿವೆ. ಚುನಾವಣೆ ಇಲ್ಲದ ದೇಶ, ಕಾರು ಓಡದ ದೇಶ, ಎಲ್ಲವೂ ಇವೆ. ಅಂಥ ದೇಶಕ್ಕೆ ಈ ಇಶ್ಯೂ ಹೋಗಬಾರದು ಎಂದು ಟಿಪ್ಪಣಿ ಹಾಕಬೇಕು, ಇಲ್ಲವೇ ಸರ್ಕಾರಿ ಮಳಿಗೆಗೂ ಹೊಂದುವ ಹಾಗೆ ಮಾತು ಬದಲಿಸಬೇಕು. ಒಬ್ಬರೇ ಕೂತು ಬರೆಯುವಾಗ ಈ ತೂತುಗಳು ಕಾಣುವುದೇ ಇಲ್ಲ, ಏಕೆಂದರೆ ಬರೆಯುವವರ ತಲೆಯಲ್ಲಿರುವುದು ಅವರದೇ ಊರು.

ಮೂರನೆಯದು ಆಯ್ಕೆಗಳ ತೂಕ. ಒಬ್ಬ ಪಾತ್ರಕ್ಕೆ ಮಾತ್ರ ಬುದ್ಧಿಕೊಟ್ಟು ಎದುರಾಳಿಯನ್ನು ಪೆದ್ದನನ್ನಾಗಿ ಮಾಡಿದರೆ ಅದು ಬಿಕ್ಕಟ್ಟಲ್ಲ, ಭಾಷಣ. ‘ಈ ಆಯ್ಕೆಯನ್ನು ನಿಜವಾಗಿ ಯಾರು ಒತ್ತುತ್ತಾರೆ?’ ಎಂದು ತಿದ್ದುವವರು ಕೇಳಿದರೆ ಬೇಜಾರು ಪಟ್ಟುಕೊಳ್ಳಬೇಡಿ. ಇಡೀ ಪದ್ಧತಿಯಲ್ಲಿ ಸಿಗುವ ಅತಿ ಬೆಲೆಯುಳ್ಳ ಪ್ರಶ್ನೆ ಅದು. ‘ಇದ್ದದ್ದು ಹಾಗೇ ಇರಲಿ’ ಎಂಬ ಆಯ್ಕೆಯನ್ನೂ ಹೊಡೆದುಹಾಕುತ್ತಾರೆ. ಇಶ್ಯೂವನ್ನು ವಜಾ ಮಾಡುವ ಗುಂಡಿ ಮೊದಲೇ ಇದೆಯಲ್ಲ.

ಹೆಚ್ಚು ಸಮಯ ಕೊಡಬೇಕಾದ್ದು ‘ಎಫೆಕ್ಟ್ ಲೈನ್’ಗೆ. ಆಯ್ಕೆ ಒತ್ತಿದ ಮೇಲೆ ದೇಶದ ಪುಟದಲ್ಲಿ ಕಾಣುವ ಒಂದೇ ಒಂದು ಸಾಲು ಅದು. ಇತ್ತೀಚಿನ ನಾಲ್ಕು ತೀರ್ಮಾನಗಳ ಸಾಲುಗಳನ್ನು ಆಟವೇ ಅಲ್ಪವಿರಾಮ ಹಾಕಿ ಒಂದು ವಾಕ್ಯವಾಗಿ ಹೊಲಿಯುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಸಣ್ಣದಿರಬೇಕು, ಕೊನೆಗೆ ಚುಕ್ಕಿ ಕೂಡದು, ವರ್ತಮಾನ ಕಾಲದಲ್ಲಿರಬೇಕು. ನಡುವೆ ನೀವೇ ಅಲ್ಪವಿರಾಮ ತುರುಕಿದರೆ ಯಾವ ಸಾಲು ಎಲ್ಲಿ ಮುಗಿಯಿತೆಂದು ತಿಳಿಯದು. ಬೋರ್ಡಿನಲ್ಲಿ ಅಕ್ಷರವೇ ಬೇಡ, ಚಿತ್ರ ಸಾಕು ಎನ್ನುವ ಮೂರನೇ ಆಯ್ಕೆಗೆ ‘ಬೋರ್ಡುಗಳಲ್ಲಿ ಚಿತ್ರ ಕಡ್ಡಾಯವಾಗಿದೆ’ ಎಂದು ಬರೆದರೆ ಸಪ್ಪೆ. ಆಟಗಾರನಿಗೆ ಅದು ಗೊತ್ತೇ ಇದೆ. ‘ಬೋರ್ಡಿನ ಮೇಲಿನ ಹಾವು ಕಂಡು ರೋಗಿಗಳು ಔಷಧದಂಗಡಿಯಿಂದ ಓಡುತ್ತಿದ್ದಾರೆ’ ಎಂದರೆ ತೀರ್ಮಾನದ ಪರಿಣಾಮವೂ ಬಂತು, ನಗುವೂ ಬಂತು.

ಇನ್ನು ದೋಷಗಳು. ನಾಲ್ಕಾರು ಜನ ನಾಲ್ಕಾರು ಸುತ್ತು ತಿದ್ದಿದ ಮೇಲೆ ಪಾತ್ರಗಳೆಲ್ಲ ಒಂದೇ ಧಾಟಿಯಲ್ಲಿ ಮಾತಾಡತೊಡಗುತ್ತವೆ. ಅಡುಗೆಯವನೂ ಸೇನಾಧಿಕಾರಿಯೂ ಒಂದೇ ಪತ್ರಿಕಾ ಪ್ರಕಟಣೆ ಓದಿದಂತೆ! ನಗು ಬರುವ ಸಾಲಿಗೆ ‘ಅರ್ಥವಾಗಲಿಲ್ಲ’ ಎಂದು ಒಬ್ಬರೇ ಹೇಳಿದರೆ ಬಿಟ್ಟುಬಿಡಿ, ಮೂವರು ಹೇಳಿದರೆ ತೆಗೆಯಿರಿ. ನಿಜವಾದ ದೇಶಗಳ ಹೆಸರು ಇಶ್ಯೂಗಳಲ್ಲಿ ನಡೆಯುವುದಿಲ್ಲ, ನೆರೆಯ ದೇಶ ಬೇಕಿದ್ದರೆ ಮ್ಯಾಕ್ಸ್‌ಟೋಪಿಯಾ, ಬಿಗ್‌ಟೋಪಿಯಾ, ಬ್ರಾಂಕಾಲ್ಯಾಂಡ್‌ನಂಥ ಸಿದ್ಧ ಹೆಸರುಗಳಿವೆ. ಇದೇ ಕಾರಣಕ್ಕೆ ಕಂಬಳ, ಪಡಿತರ ಚೀಟಿಯಂಥ ವಿಷಯ ತಂದವರು ಸ್ಥಳದ ಗುರುತು ಅಳಿಸಿ ಬಿಕ್ಕಟ್ಟಿನ ಗಂಟನ್ನು ಮಾತ್ರ ಉಳಿಸಿಕೊಳ್ಳಬೇಕು. ತಿದ್ದುವವರು ಕೆಲವೊಮ್ಮೆ ಈ ಗಂಟನ್ನೂ ತಮ್ಮ ದೇಶದ ಪಕ್ಷ ರಾಜಕೀಯಕ್ಕೆ ಎಳೆಯುತ್ತಾರೆ. ಅಲ್ಲಿ ಪಟ್ಟು ಬಿಡಬಾರದು.

ತಿದ್ದಿಸುವ ಮುಂಚಿನ ಕೆಲಸವೊಂದಿದೆ: ಅದೇ ವಿಷಯದ ಇಶ್ಯೂ ಈಗಾಗಲೇ ಇದೆಯೇ ಎಂದು ಹುಡುಕುವುದು. ಸಾವಿರಕ್ಕೂ ಹೆಚ್ಚು ಇಶ್ಯೂಗಳಿರುವುದರಿಂದ ಗಾಂಜಾ, ಮರಣದಂಡನೆ, ಕಡ್ಡಾಯ ಮತದಾನವೆಲ್ಲ ಸವೆದ ಹಾದಿ. ಹುಡುಕದೆ ಬಂದವರಿಗೆ ಒಂದೇ ಸಾಲಿನ ಉತ್ತರ ಸಿಗುತ್ತದೆ, ಅದು ತಪ್ಪೂ ಅಲ್ಲ.

ದೇಶದ ಹೆಸರು, ನಾಯಕ, ರಾಜಧಾನಿ, ನಾಣ್ಯ ಬರುವಲ್ಲಿ ಆಯಾ ಆಟಗಾರನ ದೇಶಕ್ಕೆ ತಕ್ಕ ಹೆಸರನ್ನು ತುಂಬುವ ಆಟದ ನಿಗದಿತ ಕೋಡನ್ನೇ ಹಾಕಿ, ಆಮೇಲೆ ಉದ್ದ ಹೆಸರಿನ ದೇಶವೊಂದನ್ನು ಅಲ್ಲಿಟ್ಟು ಓದಿ ನೋಡಿ. ಅಂಕಿಅಂಶ ಎಷ್ಟು ಏರಬೇಕು, ಇಳಿಯಬೇಕು ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಅದನ್ನು ಕೂರಿಸುವವರು ಸಲ್ಲಿಸಿದ ಇಶ್ಯೂಗಳನ್ನು ಆಯ್ದು ಪ್ರಕಟಿಸುವ ಆಟದ ಸಂಪಾದಕರು. ಅವರು ನಿಮ್ಮ ವಾಕ್ಯಗಳನ್ನೂ ಧಾರಾಳವಾಗಿ ಕತ್ತರಿಸುತ್ತಾರೆ, ಆದರೂ ಪ್ರಕಟವಾದಾಗ ಬರೆದ ದೇಶದ ಹೆಸರು ಇಶ್ಯೂ ಜೊತೆಗಿರುತ್ತದೆ.