ಆರ್‌ಒ ಯಂತ್ರವೋ, ಮಳೆನೀರಿನ ತೊಟ್ಟಿಯೋ?

ಚಿಂತಾಮಣಿ, ಬಾಗೇಪಲ್ಲಿ ಕಡೆ ಕೊಳವೆಬಾವಿಯ ನೀರಿನಲ್ಲಿ ಯುರೇನಿಯಂ ಎಂದರೆ ‘ಇಲ್ಲಿ ಗಣಿಯೇ ಇಲ್ಲವಲ್ಲ’ ಎನ್ನುತ್ತಾರೆ. ಗಣಿ ಬೇಕಿಲ್ಲ, ಗ್ರಾನೈಟ್ ಬಂಡೆಯೇ ಸಾಕು. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯಲ್ಲಿರುವ ಯುರೇನಿಯಂ ಅನ್ನು ಕರಗಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಮೊದಲ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಅದೂ ವಿಕಿರಣದಿಂದಲ್ಲ, ರಾಸಾಯನಿಕ ಗುಣದಿಂದ.

ಕುದಿಸುವುದು ಇದಕ್ಕೆ ಮದ್ದಲ್ಲ: ನೀರು ಆವಿಯಾಗುತ್ತದೆ, ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ರೋಗಾಣು ಕೊಲ್ಲುವ ಯುವಿ (ಅತಿನೇರಳೆ) ದೀಪವೂ ದಂಡ.

ಆರ್‌ಒ ಎಂದರೆ ನೀರನ್ನು ಒತ್ತಡದಿಂದ ಪೊರೆಯ ಮೂಲಕ ಸೋಸುವ ಯಂತ್ರ. ಆ ಪೊರೆ ಸರಿಯಿದ್ದರೆ ಬಹುಪಾಲನ್ನು ತಡೆಯುತ್ತದೆ, ಫ್ಲೋರೈಡನ್ನೂ. ನನ್ನ ತಕರಾರು ಯಂತ್ರದ ಹಿಂದಿನ ಸಣ್ಣ ಕೊಳವೆಯ ಬಗ್ಗೆ. ತಡೆದದ್ದೆಲ್ಲ ಅಲ್ಲಿಂದಲೇ ಹೊರಗೆ. ನೆರೆಮನೆಯವರು ಅದನ್ನು ದಂಟಿನ ಸೊಪ್ಪಿನ ಮಡಿಗೆ ಬಿಟ್ಟಿದ್ದಾರೆ. ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದೆ. ಚರಂಡಿಗೆ ಬಿಟ್ಟರೆ ಕೆರೆ ಸೇರುತ್ತದೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಯುರೇನಿಯಂ ಕರಗದ ರೂಪ ತಾಳಿ ಕೂತುಬಿಡುತ್ತದೆ. ಫ್ರಾನ್ಸ್ ತನ್ನ ಕೊನೆಯ ಯುರೇನಿಯಂ ಗಣಿಯನ್ನು 2001ರಲ್ಲೇ ಮುಚ್ಚಿತು. ಅಲ್ಲಿನ ಹಳೆಯ ಗಣಿಗಳ ನೀರು ಹರಿದುಬಂದ ತಗ್ಗಿನ ಜೌಗು ನೆಲಗಳಲ್ಲಿ ಹೀಗೆ ಕೂತದ್ದು ಇನ್ನೂ ಇದೆ.

ಮಳೆನೀರು ಬಂಡೆಯ ಮುಖವನ್ನೇ ಕಂಡಿರುವುದಿಲ್ಲ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ 5,000 ಲೀಟರಿನ ತೊಟ್ಟಿ 250 ದಿನ ಬರುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಡಬೇಕು, ತಾರಸಿ ಗುಡಿಸಬೇಕು. ಕುದಿಸುವುದು ಉಪಯೋಗಕ್ಕೆ ಬರುವುದು ಇಲ್ಲಿ, ರೋಗಾಣುಗಳಿಗಾಗಿ.

ಬಾಡಿಗೆ ಮನೆಯಾದರೆ ಆರ್‌ಒ ಕೊಳ್ಳಿ. ಸ್ವಂತ ತಾರಸಿ ಇದ್ದವರಿಗೆ ನಾನು ಹೇಳುವುದು ತೊಟ್ಟಿಯನ್ನೇ. ಮಳೆ ಸಾಲದ ವರ್ಷಕ್ಕೆ ಚಿಕ್ಕ ಆರ್‌ಒ ಜೊತೆಗಿರಲಿ.