ಸಂಚಾರಿ ಕಣ್ಣಿನ ತಪಾಸಣಾ ವಾಹನದಲ್ಲಿ 4ಜಿ ರೂಟರ್ ಮತ್ತು ಛಾವಣಿ ಆಂಟೆನಾ: ದೀರ್ಘ ಬಳಕೆಯ ವಿಮರ್ಶೆ

ನಮ್ಮ ಸಂಸ್ಥೆಯ ಸಂಚಾರಿ ಕಣ್ಣಿನ ತಪಾಸಣಾ ವಾಹನವು ತೀರ್ಥಹಳ್ಳಿ, ಹೊಸನಗರ, ಕೊಪ್ಪ ಮತ್ತು ಶೃಂಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಸುತ್ತದೆ. ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟಲದ ಚಿತ್ರಗಳನ್ನು ವಾಹನದೊಳಗೇ ತೆಗೆದು, ಆಸ್ಪತ್ರೆಯಲ್ಲಿ ಕುಳಿತಿರುವ ತಜ್ಞ ವೈದ್ಯರಿಗೆ ಕಳಿಸಿ, ರೋಗಿ ಮನೆಗೆ ಹೊರಡುವ ಮೊದಲೇ ವರದಿ ತರಿಸಿಕೊಳ್ಳಬೇಕು. ಮೊದಲು ಈ ಕೆಲಸವನ್ನು ಸಿಬ್ಬಂದಿಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುತ್ತಿದ್ದೆವು. ಅದರ ಬದಲಿಗೆ ಟೆಲ್ಟೋನಿಕಾ ಕಂಪನಿಯ ಆರ್‌ಯುಟಿಎಕ್ಸ್ 11 ಎಂಬ 4ಜಿ ರೂಟರನ್ನು ವಾಹನದಲ್ಲಿ ಕಾಯಂ ಆಗಿ ಕೂರಿಸಿ, ಛಾವಣಿಯ ಮೇಲೆ ಆಂಟೆನಾ ಹಾಕಿಸಿದೆವು. ಮಲೆನಾಡಿನ ಮಳೆಗಾಲಗಳನ್ನೂ ಮಣ್ಣಿನ ರಸ್ತೆಗಳನ್ನೂ ಈ ವ್ಯವಸ್ಥೆ ಕಂಡಾದ ಮೇಲೆ ಬರೆಯುತ್ತಿರುವುದರಿಂದ, ಪೆಟ್ಟಿಗೆ ಬಿಚ್ಚಿದ ಮೊದಲ ವಾರದ ಉತ್ಸಾಹವನ್ನು ಇಲ್ಲಿ ನಿರೀಕ್ಷಿಸಬೇಡಿ.

ಇಂತಹ ರೂಟರ್ ಕೊಳ್ಳುವವರಲ್ಲಿ ಹೆಚ್ಚಿನವರು ಡೌನ್‌ಲೋಡ್ ವೇಗವನ್ನು ನೋಡುತ್ತಾರೆ. ನಮ್ಮ ಕೆಲಸಕ್ಕೆ ಬೇಕಾಗಿರುವುದು ಅಪ್‌ಲೋಡ್, ಮತ್ತು ತೊಡಕು ಇರುವುದೂ ಅಲ್ಲಿಯೇ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ನಮ್ಮ ಕಡೆಯಿಂದ ಹೊರಡುವುದು 4ಜಿ ಮಾನದಂಡದ ಪ್ರಕಾರ ಸಾಮಾನ್ಯವಾಗಿ 23 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ), ಅಂದರೆ 200 ಮಿಲಿವ್ಯಾಟ್ ಮಾತ್ರ. ಸಾವಿರ ರೂಪಾಯಿಯ ಡಾಂಗಲ್ ಆಗಲಿ, ದುಬಾರಿ ಕೈಗಾರಿಕಾ ರೂಟರ್ ಆಗಲಿ, ಈ ಮಿತಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹೆಚ್ಚು ಹಣ ಕೊಟ್ಟು ಕೊಂಡ ಪೆಟ್ಟಿಗೆ ಹೆಚ್ಚು ದೂರ ಕೂಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆ 200 ಮಿಲಿವ್ಯಾಟ್‌ನಲ್ಲಿ ಎಷ್ಟು ಪಾಲು ಛಾವಣಿಯನ್ನು ತಲುಪಿ, ತಗಡಿನ ಅಡ್ಡಿಯಿಲ್ಲದೆ ಆಕಾಶಕ್ಕೆ ಹೊರಡುತ್ತದೆ ಎಂಬುದೇ ಇಡೀ ಅಳವಡಿಕೆಯ ಪ್ರಶ್ನೆ. ಈ ವಿಮರ್ಶೆಯಲ್ಲಿ ರೂಟರಿಗಿಂತ ಕೇಬಲ್ಲಿಗೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವೂ ಇದೇ.

ರೂಟರ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅಲ್ಯೂಮಿನಿಯಂ ಕವಚ, 9ರಿಂದ 50 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ ಸ್ವೀಕರಿಸುವ ಸಾಮರ್ಥ್ಯ, ನಾಲ್ಕು ಈಥರ್ನೆಟ್ ಪೋರ್ಟ್‌ಗಳು, ಎರಡು ಸಿಮ್‌ಗಳಿಗೆ ಜಾಗ, ಜಿಪಿಎಸ್ ಮತ್ತು ವೈಫೈ. ಇದು 4ಜಿ ವೇಗದ ಶ್ರೇಣಿಗಳಲ್ಲಿ ಕ್ಯಾಟಗರಿ 6 ದರ್ಜೆಯ ಮೋಡೆಮ್ ಆದ್ದರಿಂದ ಅಪ್‌ಲೋಡ್‌ನ ಕಾಗದದ ಮೇಲಿನ ಗರಿಷ್ಠ ವೇಗ 50 ಎಂಬಿಪಿಎಸ್. ನಮ್ಮ ಹಳ್ಳಿಗಳಲ್ಲಿ ಅದರ ಹತ್ತನೇ ಒಂದು ಭಾಗ ಸ್ಥಿರವಾಗಿ ಸಿಕ್ಕಿದರೂ ಕೆಲಸ ಸಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲೂ ಅದು ದಣಿದದ್ದನ್ನು ನಾನು ಕಂಡಿಲ್ಲ. ಎರಡು ಸಿಮ್ ಇದ್ದರೂ ಒಳಗಿರುವ ರೇಡಿಯೊ ಒಂದೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ತಿಳಿದಿರಬೇಕು. ಎರಡೂ ಸಿಮ್ ಏಕಕಾಲಕ್ಕೆ ದುಡಿಯುವುದಿಲ್ಲ, ಒಂದು ಸೋತಾಗ ಇನ್ನೊಂದಕ್ಕೆ ಬದಲಾಗುತ್ತದೆ, ಮತ್ತು ಬದಲಾಗುವಾಗ ಸಂಪರ್ಕ ಸ್ವಲ್ಪ ಹೊತ್ತು ಕಡಿಯುತ್ತದೆ.

ಆಂಟೆನಾ ಆರಿಸುವಾಗ ಅದು ಯಾವ ಆವೃತ್ತಿಗಳಲ್ಲಿ (ಫ್ರೀಕ್ವೆನ್ಸಿ ಬ್ಯಾಂಡ್‌ಗಳಲ್ಲಿ) ಕೆಲಸ ಮಾಡುತ್ತದೆ ಎಂಬುದನ್ನು ಕಡ್ಡಾಯವಾಗಿ ಓದಬೇಕು. ಬಿಎಸ್‌ಎನ್‌ಎಲ್‌ನ 4ಜಿ ಸೇವೆ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿದೆ. ಜಿಯೋ 850, 1800 ಮತ್ತು 2300 ಬಳಸುತ್ತದೆ. ಏರ್‌ಟೆಲ್‌ಗೆ 900ರಿಂದ 2300ರವರೆಗೆ ಹಲವು ಬ್ಯಾಂಡ್‌ಗಳಿವೆ. ಮಾರುಕಟ್ಟೆಯ ಅಗ್ಗದ ಆಂಟೆನಾಗಳ ಮೇಲೆ 824ರಿಂದ 960 ಮತ್ತು 1710ರಿಂದ 2170 ಎಂದು ಬರೆದಿರುತ್ತದೆ. ಅಂತಹವನ್ನು ಕೊಂಡರೆ, ಬೆಟ್ಟಗುಡ್ಡಗಳ ನಡುವೆ ಅತಿ ಹೆಚ್ಚು ದೂರ ಬರುವ 700 ಮತ್ತು ಪೇಟೆಯಲ್ಲಿ ಹೆಚ್ಚು ವೇಗ ಕೊಡುವ 2300, ಇವೆರಡನ್ನೂ ಕೈಬಿಟ್ಟಂತೆ. ರೂಟರ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು, ಏಕೆಂದರೆ ಒಂದೇ ಮಾದರಿಯನ್ನು ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ತಯಾರಿಸುತ್ತಾರೆ.

ಎರಡು 4ಜಿ ಮತ್ತು ಒಂದು ಜಿಪಿಎಸ್ ಆಂಟೆನಾಗಳನ್ನು ಒಂದೇ ಕವಚದಲ್ಲಿ ಸೇರಿಸಿದ, ಮೀನಿನ ಈಜುರೆಕ್ಕೆಯ ಆಕಾರದ ಘಟಕವನ್ನು ನಾವು ಆರಿಸಿದೆವು. ತಟ್ಟೆಯಂತಹ ಚಪ್ಪಟೆ ಘಟಕಗಳು ನೋಡಲು ಅಚ್ಚುಕಟ್ಟಾಗಿರುತ್ತವೆ, ಕಾಫಿ ತೋಟದ ರಸ್ತೆಗಳಲ್ಲಿ ಕೊಂಬೆ ತಾಗುವ ಭಯವೂ ಅವುಗಳಿಗೆ ಕಡಿಮೆ. ಆದರೆ 850 ಮೆಗಾಹರ್ಟ್ಸ್‌ನ ಕಾಲು ತರಂಗದ ಉದ್ದವೇ ಸುಮಾರು 88 ಮಿಲಿಮೀಟರ್. ಅದಕ್ಕಿಂತ ಬಹಳ ಗಿಡ್ಡಾದ ಆಂಟೆನಾ ಕೆಳ ಆವೃತ್ತಿಗಳಲ್ಲಿ ದಕ್ಷತೆಯನ್ನು ಕಳೆದುಕೊಳ್ಳುತ್ತದೆ. ವೈಫೈ ಆಂಟೆನಾವನ್ನು ಛಾವಣಿಗೆ ಏರಿಸಲಿಲ್ಲ. ಲ್ಯಾಪ್‌ಟಾಪ್ ಮತ್ತು ಕ್ಯಾಮೆರಾ ಇರುವುದು ವಾಹನದೊಳಗೆ. ಪ್ಲೈವುಡ್ ಕಪಾಟಿನಲ್ಲಿ ಕುಳಿತ ರೂಟರಿನ ಜೊತೆಗೆ ಬಂದ ಕಡ್ಡಿಗಳೇ ಅದಕ್ಕೆ ಸಾಕು.

ಛಾವಣಿಯ ತಗಡು ಕೂಡ ಆಂಟೆನಾದ ಭಾಗವೇ ಆಗುತ್ತದೆ ಎಂಬುದನ್ನು ಬಹಳಷ್ಟು ಅಳವಡಿಕೆದಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೆಲದಂತೆ ಸುತ್ತಲೂ ಹರಡಿದ ಲೋಹ ಇದ್ದಾಗ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಕೆಲಸ ಮಾಡುತ್ತದೆ. ಅಂಚಿನಲ್ಲಿ, ಎಸಿ ಘಟಕದ ಮಗ್ಗುಲಲ್ಲಿ ಅಥವಾ ಲಗೇಜ್ ಕ್ಯಾರಿಯರಿನ ಕಂಬಿಗಳ ನಡುವೆ ಕೂರಿಸಿದರೆ ಒಂದು ದಿಕ್ಕು ಮಂಕಾಗುತ್ತದೆ. ನಿಮ್ಮ ವಾಹನದ ಛಾವಣಿ ಫೈಬರ್‌ನದಾಗಿದ್ದರೆ ಒಳಗಿನಿಂದ ಅಲ್ಯೂಮಿನಿಯಂ ಹಾಳೆ ಹಾಕಬೇಕು, ಇಲ್ಲವೇ ಲೋಹದ ಆಸರೆ ಬೇಡದ ವಿನ್ಯಾಸದ ಆಂಟೆನಾ ಕೊಳ್ಳಬೇಕು. ನಾವು ಮೊದಲು ವಿಚಾರಿಸಿದ ಕಾರ್ ಆಕ್ಸೆಸರೀಸ್ ಅಂಗಡಿಯವರು ತೂತು ಕೊರೆಯುವುದೇ ಬೇಡವೆಂದು, ಗಾಜಿನ ಒಳಬದಿಗೆ ಅಂಟಿಸುವ ಆಂಟೆನಾ ಸೂಚಿಸಿದ್ದರು. ಬಾಡಿಗೆ ಕಾರಿಗೆ ಅದು ಸರಿಯಿರಬಹುದು. ಅಡಿಕೆ ತೋಟದ ಮರೆಯಲ್ಲಿ ನಿಲ್ಲುವ ವಾಹನಕ್ಕೆ ಅಲ್ಲ.

ರಂಧ್ರ ಕೊರೆಯುವ ಕೆಲಸವನ್ನು ಟಿಂಕರಿಂಗ್ ಗೊತ್ತಿರುವವರಿಂದಲೇ ಮಾಡಿಸಬೇಕು. ಒಳಮಾಡನ್ನು ಬಿಚ್ಚಿ ಅಡ್ಡಪಟ್ಟಿಗಳು ಎಲ್ಲಿವೆ ಎಂದು ನೋಡಿಕೊಂಡು, ಮಧ್ಯಭಾಗದಲ್ಲಿ ಕೊರೆದು, ಅಂಚನ್ನು ಅರದಿಂದ ಉಜ್ಜಿ, ಬರಿ ಲೋಹ ಕಂಡಲ್ಲೆಲ್ಲ ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆಯೇ ಆಂಟೆನಾ ಕೂರಿಸಿದೆವು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂತಹ ಕಡೆ ಓಡಾಡುವ ವಾಹನದಲ್ಲಿ ಈ ಪ್ರೈಮರ್ ಶೋಕಿಯ ಮಾತಲ್ಲ. ಸೀಲೆಂಟ್ ವಿಷಯದಲ್ಲಿ ಒಂದು ಸುಲಭದ ಪರೀಕ್ಷೆ ಇದೆ: ಟ್ಯೂಬ್ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಆಮ್ಲ ಬಿಡುತ್ತಾ ಗಟ್ಟಿಯಾಗುವ ಸಿಲಿಕೋನ್, ಬಚ್ಚಲುಮನೆಯ ಟೈಲ್ಸಿಗೆ ಒಳ್ಳೆಯದು, ಉಕ್ಕಿನ ತಗಡಿಗೆ ತುಕ್ಕಿನ ಬೀಜ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಸಿಲಿಕೋನ್ ಅಥವಾ ಬ್ಯೂಟೈಲ್ ಪಟ್ಟಿಯನ್ನೇ ಕೇಳಿ. ಇಷ್ಟು ಮಾಡಿದ್ದರಿಂದ ಇಲ್ಲಿಯವರೆಗೆ ಛಾವಣಿಯಿಂದ ಒಂದು ಹನಿಯೂ ಇಳಿದಿಲ್ಲ.

ಈಗ ಕೇಬಲ್. ಆಂಟೆನಾಗಳ ಜೊತೆಗೆ ಬರುವ ಬಳಪದ ಕಡ್ಡಿಗಿಂತ ತೆಳುವಾದ ಆರ್‌ಜಿ-174 ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಒಂದೂವರೆ ಡೆಸಿಬೆಲ್ (ಸಿಗ್ನಲ್ ಶಕ್ತಿಯ ಏರಿಳಿತದ ಅಳತೆ) ನುಂಗುತ್ತದೆ. ಸ್ವಲ್ಪ ದಪ್ಪವಾದ ಎಲ್‌ಎಂಆರ್-195 ದರ್ಜೆಯದು ಅರ್ಧ ಡೆಸಿಬೆಲ್ ಮಾತ್ರ. ಎರಡೂವರೆ ಮೀಟರ್ ಓಟಕ್ಕೆ ಲೆಕ್ಕ ಹಾಕಿದರೆ, ಮೊದಲನೆಯದರಲ್ಲಿ 200 ಮಿಲಿವ್ಯಾಟ್‌ನಲ್ಲಿ ಛಾವಣಿ ಮುಟ್ಟುವುದು ಸುಮಾರು 85, ಎರಡನೆಯದರಲ್ಲಿ 150. ರೂಟರನ್ನು ಡ್ಯಾಶ್‌ಬೋರ್ಡಿನ ಕೆಳಗೆ ಇಡುವ ಬದಲು ಆಂಟೆನಾದ ನೇರ ಕೆಳಗಿನ ಕಪಾಟಿನಲ್ಲಿಟ್ಟು, ಉದ್ದದ ಓಟವನ್ನು ವಿದ್ಯುತ್ ತಂತಿಗೆ ಬಿಟ್ಟುಕೊಡುವುದು ಯಾವ ದುಬಾರಿ ಆಂಟೆನಾಕ್ಕಿಂತಲೂ ಹೆಚ್ಚು ಲಾಭ ತಂದಿತು. ಹೆಚ್ಚಾದ ಕೇಬಲನ್ನು ಸುರುಳಿ ಸುತ್ತಿ ಒಳಮಾಡಿನ ಹಿಂದೆ ತುರುಕುವುದು ನಮ್ಮಲ್ಲಿ ರೂಢಿ, ಆದರೆ ಆ ಸುರುಳಿಯೂ ಸಿಗ್ನಲ್ ನುಂಗುತ್ತದೆ. ನಾವು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಕನೆಕ್ಟರ್‌ಗಳನ್ನು ತರಿಸಿ, ಬೇಕಾದಷ್ಟಕ್ಕೇ ಕತ್ತರಿಸಿ ಕ್ರಿಂಪ್ ಮಾಡಿಸಿದೆವು.

ಆ ಕನೆಕ್ಟರ್‌ಗಳಲ್ಲಿ ಒಂದು ಬಲೆ ಇದೆ. ರೂಟರಿನ 4ಜಿ ಮತ್ತು ಜಿಪಿಎಸ್ ಪೋರ್ಟ್‌ಗಳು ಎಸ್‌ಎಂಎ ಮಾದರಿಯವು, ಅಂದರೆ ಮಧ್ಯದಲ್ಲಿ ತೂತು. ವೈಫೈ ಪೋರ್ಟ್‌ಗಳು ಆರ್‌ಪಿ-ಎಸ್‌ಎಂಎ, ಮಧ್ಯದಲ್ಲಿ ಸೂಜಿ. ಹೊರಗಿನ ತಿರುಪಿನ ಸುತ್ತು (ಥ್ರೆಡ್) ಎರಡಕ್ಕೂ ಒಂದೇ. ವೈಫೈಗಾಗಿ ಮಾರುವ ಕೇಬಲನ್ನು 4ಜಿ ಪೋರ್ಟಿಗೆ ತಿರುಗಿಸಿದರೆ ಅದು ಸಲೀಸಾಗಿ ಬಿಗಿಯಾಗಿ ಕೂರುತ್ತದೆ, ಆದರೆ ತೂತಿನ ಎದುರು ತೂತು ಬಂದು ಒಳಗಿನ ತಂತಿ ಎಲ್ಲಿಗೂ ಮುಟ್ಟುವುದಿಲ್ಲ. ಟವರ್ ಹತ್ತಿರವಿದ್ದರೆ ಸೋರಿಕೆಯ ಸಿಗ್ನಲ್ಲಿನಲ್ಲೇ ಎಲ್ಲವೂ ಸರಿಯಿರುವಂತೆ ತೋರಿ, ಘಾಟಿ ಹತ್ತಿದ ಮೇಲೆ ಬಣ್ಣ ಬಯಲಾಗುತ್ತದೆ. ಬಿಗಿ ಮಾಡುವಾಗಲೂ ಅಷ್ಟೇ. ಹಿತ್ತಾಳೆಯ ಎಸ್‌ಎಂಎಗೆ ಅರ್ಧ ನ್ಯೂಟನ್-ಮೀಟರ್ ಸಾಕು, ಸ್ಪ್ಯಾನರ್ ಹಿಡಿದು ಶಕ್ತಿ ತೋರಿಸಬಾರದು. ನಟ್ಟನ್ನು ಮಾತ್ರ ತಿರುಗಿಸಬೇಕು, ಕೇಬಲನ್ನಲ್ಲ.

ವಿದ್ಯುತ್ ಸಂಪರ್ಕದ ವಿಷಯಕ್ಕೆ ಬಂದರೆ, ರೂಟರಿನ ವಿದ್ಯುತ್ ಕನೆಕ್ಟರಿನಲ್ಲಿ ನಾಲ್ಕು ತಂತಿಗಳಿವೆ: ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಸಂಕೇತಗಳಿಗೆ. 12 ವೋಲ್ಟ್ ವಾಹನದಲ್ಲಿ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಒತ್ತಡ ಕ್ಷಣಕಾಲ 9 ವೋಲ್ಟ್‌ಗಿಂತ ಕೆಳಗಿಳಿಯುವುದು ಸಹಜ, ಅದರಲ್ಲೂ ಚಳಿಗಾಲದ ಬೆಳಿಗ್ಗೆ. ಆಗ ಕನಿಷ್ಠ 9 ವೋಲ್ಟ್ ಬೇಡುವ ಈ ರೂಟರ್ ಮತ್ತೆ ಮೊದಲಿನಿಂದ ಶುರುವಾಗಬೇಕಾಗಬಹುದು. ಎಂಜಿನ್ ಬ್ಯಾಟರಿಗೆ ಸದಾ ಜೋಡಿಸಿಟ್ಟರೆ ಇನ್ನೊಂದು ತಾಪತ್ರಯ: ಐದು ವ್ಯಾಟ್ ಎಂದಿಟ್ಟುಕೊಂಡರೂ ದಿನಕ್ಕೆ ಹತ್ತು ಆಂಪಿಯರ್-ಅವರ್ ಖರ್ಚಾಗಿ, ವಾರದ ರಜೆಯ ನಂತರ ವಾಹನವನ್ನು ತಳ್ಳಬೇಕಾಗುತ್ತದೆ. ಕ್ಯಾಮೆರಾಕ್ಕಾಗಿ ಇಟ್ಟ ಪ್ರತ್ಯೇಕ ಲಿಥಿಯಂ ಬ್ಯಾಟರಿಯಿಂದಲೇ ರೂಟರಿಗೂ ಸಂಪರ್ಕ ಕೊಟ್ಟು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿಸಿ ಈ ಎರಡನ್ನೂ ತಪ್ಪಿಸಿದ್ದೇವೆ. ಫ್ಯೂಸನ್ನು ರೂಟರಿನ ಪಕ್ಕದಲ್ಲಿ ಹಾಕಿದರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ರಕ್ಷಣೆಯೇ ಇರುವುದಿಲ್ಲ.

ಫಲ ಏನು ಎಂದು ಕೇಳುವವರಿಗೆ: ಹೊಸನಗರದ ಕಡೆಯ ಒಂದು ಶಾಲೆಯ ಅಂಗಳದಲ್ಲಿ ವಾಹನದೊಳಗಿನ ಮೊಬೈಲ್ ಮೈನಸ್ 117 ಡಿಬಿಎಂ ಆಸುಪಾಸು ತೋರಿಸುವಲ್ಲಿ, ಅದೇ ಟವರಿಗೆ ರೂಟರ್ ಮೈನಸ್ 105 ತೋರಿಸುತ್ತದೆ (ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ). ಹನ್ನೆರಡು ಡೆಸಿಬೆಲ್ ಎಂದರೆ ಹೆಚ್ಚುಕಡಿಮೆ ಹದಿನಾರು ಪಟ್ಟು. ಮೊದಲು ಅರ್ಧಕ್ಕೆ ನಿಲ್ಲುತ್ತಿದ್ದ ಚಿತ್ರಗಳು ಈಗ ಮುಂದಿನ ರೋಗಿ ಕುರ್ಚಿಗೆ ಬರುವಷ್ಟರಲ್ಲಿ ಹೋಗಿ ಮುಟ್ಟಿರುತ್ತವೆ. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ, ಶರಾವತಿ ಹಿನ್ನೀರಿನ ಅಂಚಿನ ಕೆಲವು ಊರುಗಳಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲ. ಇಲ್ಲದ ಸಿಗ್ನಲ್ಲನ್ನು ಯಾವ ಆಂಟೆನಾವೂ ಹುಟ್ಟಿಸಲಾರದು; ಅಂತಹ ಕಡೆ ಚಿತ್ರಗಳನ್ನು ಉಳಿಸಿಟ್ಟು ಮರಳುವ ದಾರಿಯಲ್ಲಿ ಕಳಿಸುತ್ತೇವೆ. ಸಿಮ್ ಆಯ್ಕೆಯಲ್ಲಿ ಜಿಯೋ ಮತ್ತು ಬಿಎಸ್‌ಎನ್‌ಎಲ್ ಜೋಡಿ ನಮಗೆ ಹೊಂದಿದೆ, ಏಕೆಂದರೆ ನಾವು ಓಡಾಡುವ ಕಡೆ ಇವೆರಡರ ಟವರ್‌ಗಳು ಸಾಮಾನ್ಯವಾಗಿ ಒಂದೇ ಗುಡ್ಡದ ಮೇಲಿರುವುದಿಲ್ಲ.

ಜಿಪಿಎಸ್ ಒಂದು ಕಾಲದಲ್ಲಿ ವಿನಾಕಾರಣ ಅಲೆದಾಡುತ್ತಿತ್ತು. ಒಳಗೆ ಹಾಕಿಸಿದ್ದ ಅಗ್ಗದ ಎಲ್‌ಇಡಿ ಪಟ್ಟಿಯ ಪರಿವರ್ತಕದಿಂದ ಹೊರಡುವ ರೇಡಿಯೊ ಗದ್ದಲ ಅದಕ್ಕೆ ಕಾರಣವಾಗಿತ್ತು. ದೀಪ ಆರಿಸಿದರೆ ಸ್ಥಾನ ಸ್ಥಿರವಾಗುತ್ತಿತ್ತು. ಪರಿವರ್ತಕವನ್ನು ಬದಲಿಸಿದ ಮೇಲೆ ಸರಿಹೋಯಿತು. ಹಳದಿ ಫಲಕದ ವಾಹನಗಳವರು ಇನ್ನೊಂದು ಮಾತನ್ನು ಗಮನಿಸಬೇಕು: ಎಐಎಸ್-140 ಮಾನದಂಡದ ಟ್ರ್ಯಾಕಿಂಗ್ ಸಾಧನಕ್ಕೆ ಈ ರೂಟರಿನ ಜಿಪಿಎಸ್ ಬದಲಿಯಲ್ಲ. ಅದು ಬೇರೆಯೇ ಪೆಟ್ಟಿಗೆ, ಅದರ ಆಂಟೆನಾವನ್ನು ನಮ್ಮದರಿಂದ ದೂರವಿಡುವುದು ಒಳಿತು.

ಮಣ್ಣಿನ ರಸ್ತೆಯ ಕುಲುಕಾಟಕ್ಕೆ ಎಸ್‌ಎಂಎ ನಟ್ಟುಗಳು ಸಡಿಲವಾಗುತ್ತವೆ. ಎಂಜಿನ್ ಆಯಿಲ್ ಬದಲಿಸುವ ದಿನವೇ ಅವನ್ನೂ ಮುಟ್ಟಿ ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಪೇಟೆಯೊಳಗೇ ಓಡಾಡುವ ವಾಹನಕ್ಕೆ ಇಷ್ಟೆಲ್ಲ ಖರ್ಚು ಬೇಕಿಲ್ಲ, ಒಂದು ಒಳ್ಳೆಯ ಮೊಬೈಲ್ ಸಾಕು. 5ಜಿಗೆ ಬದಲಾಗಬೇಕೇ ಎಂದು ಇತ್ತೀಚೆಗೆ ಹಲವರು ಕೇಳುತ್ತಿದ್ದಾರೆ. ಇದೇ ಕಂಪನಿಯ 5ಜಿ ಮಾದರಿ ಆರ್‌ಯುಟಿಎಕ್ಸ್ 50ಕ್ಕೆ ಮೊಬೈಲ್ ಆಂಟೆನಾಗಳೇ ನಾಲ್ಕು ಬೇಕು, ಅಂದರೆ ಛಾವಣಿಯ ಘಟಕವನ್ನೂ ಕೇಬಲ್‌ಗಳನ್ನೂ ಹೊಸದಾಗಿ ಹಾಕಿಸಬೇಕು. ನಮ್ಮ ಶಿಬಿರಗಳು ನಡೆಯುವ ಊರುಗಳಿಗೆ 5ಜಿ ಬರುವವರೆಗೆ ಆ ಹಣವನ್ನು ಎರಡನೇ ಕ್ಯಾಮೆರಾಕ್ಕೆ ಎತ್ತಿಡಲು ನಿರ್ಧರಿಸಿದ್ದೇವೆ.