ಶುಂಠಿ ಗೆಡ್ಡೆ ಕೊಳೆಗೆ ಟ್ರೈಕೋಡರ್ಮಾ ಪುಡಿ: ಬಳಸಿದವರ ಅಭಿಪ್ರಾಯ

ಮೈಸೂರಿನ ಕೃಷಿ ಪರಿಕರಗಳ ಅಂಗಡಿಯೊಂದರಲ್ಲಿ ಕೊಂಡ ಟ್ರೈಕೋಡರ್ಮಾ ಹಾರ್ಜಿಯಾನಮ್ ಪುಡಿಯನ್ನು ಹುಣಸೂರು ಕಡೆಯ ನಮ್ಮ ಶುಂಠಿ ಹೊಲಕ್ಕೆ ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗೆಡ್ಡೆ ಕೊಳೆ ಬಾರದಂತೆ ತಡೆಯುವ ಮಟ್ಟಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸರಕು. ಮಡಿಯ ಗಿಡಗಳು ಹಳದಿಯಾದ ಮೇಲೆ ತಂದು ಸುರಿಯುವವರಿಗೆ ಮಾತ್ರ ದಂಡದ ಖರ್ಚು.

ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರ. ಅದು ಬೇರಿನ ಸುತ್ತ ಮೊದಲೇ ನೆಲೆಯೂರಿ ಜಾಗವನ್ನೂ ಆಹಾರವನ್ನೂ ಹಿಡಿದುಕೊಳ್ಳುತ್ತದೆ. ಕೊಳೆ ತರುವ ಪಿಥಿಯಂ ಎಂಬ ರೋಗಾಣು ಹತ್ತಿರ ಬಂದರೆ ಅದರ ಎಳೆಗಳನ್ನು ಸುತ್ತಿಕೊಂಡು, ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ, ಅದನ್ನೇ ತಿಂದು ಬೆಳೆಯುತ್ತದೆ. ಜೊತೆಗೆ ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಚುರುಕುಗೊಳಿಸುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಮುಂಗಾರಿನ ನೀರು ಮಡಿಗೆ ಇಳಿಯುವ ಮೊದಲೇ ಅದು ಮಣ್ಣಿನಲ್ಲಿ ಹಬ್ಬಿರಬೇಕು. ಹಾಗಾಗಿ ನಾವು ಪುಡಿಯನ್ನು ಬರಿದೇ ಎರಚದೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ಹಸಿ ಗೋಣಿ ಹೊದಿಸಿ ಸುಮಾರು ಎರಡು ವಾರ ಇಟ್ಟೆವು. ಗುಡ್ಡೆಯ ಮೇಲೆ ಹಸಿರು ಬೂಷ್ಟು ಹಬ್ಬಿದ್ದರಿಂದ ಪುಡಿ ಜೀವಂತವಾಗಿದೆ ಎಂಬುದು ಖಚಿತವಾಯಿತು.

ಮಳೆಗಾಲದಲ್ಲಿ ಗೊಬ್ಬರ ಬಿದ್ದ ಮಡಿಗಳಲ್ಲಿ ಕೊಳೆ ಕಡಿಮೆಯಿತ್ತು. ಏರುಮಡಿಯನ್ನೂ ಬಸಿಗಾಲುವೆಯನ್ನೂ ಮಾಡಿದ್ದರಿಂದ ಶ್ರೇಯವನ್ನೆಲ್ಲ ಪುಡಿಗೇ ಕೊಡಲಾರೆ. ದುಂಡಾಣುವಿನಿಂದ ಬರುವ ಸೊರಗು ರೋಗಕ್ಕೆ ಇದನ್ನು ನಂಬಿ ಕೂರುವಂತಿಲ್ಲ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ತಿಳಿನೀರಿನಲ್ಲಿ ಹಿಡಿದಾಗ ಹಾಲಿನಂಥ ದ್ರವ ಇಳಿದರೆ ಅದು ಆ ರೋಗವೇ.

ಪೊಟ್ಟಣದ ಬಗ್ಗೆ ಒಂದು ದೂರಿದೆ. ಗ್ರಾಮಿಗೆ ಕನಿಷ್ಠ 20 ಲಕ್ಷ ಸಿ.ಎಫ್.ಯು. (ಬೆಳೆಯಬಲ್ಲ ಜೀವಂತ ಕಣಗಳ ಎಣಿಕೆ) ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರು, ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕವನ್ನು ಇದರ ಜೊತೆ ಬೆರೆಸಿದರೆ ಟ್ರೈಕೋಡರ್ಮಾ ಸತ್ತುಹೋಗುತ್ತದೆ ಎಂಬ ಮುಖ್ಯ ಎಚ್ಚರಿಕೆಯನ್ನು ಕನ್ನಡದಲ್ಲಿ ಎಲ್ಲಿಯೂ ಕೊಟ್ಟಿಲ್ಲ. ಅದನ್ನು ಹೇಳಿದವರು ಅಂಗಡಿಯವರೇ. ಅವರು ಪೊಟ್ಟಣಗಳನ್ನು ಬಿಸಿಲು ತಾಗದ ಒಳಕೋಣೆಯಲ್ಲಿ ಇಡುತ್ತಾರೆ, ತಯಾರಿಕೆಯ ದಿನಾಂಕವನ್ನು ತಾವಾಗಿಯೇ ತೋರಿಸುತ್ತಾರೆ. ಬಾಗಿಲ ಬಿಸಿಲಿನಲ್ಲೇ ಜೈವಿಕ ಪುಡಿಗಳನ್ನು ಪೇರಿಸಿಡುವ ಅಂಗಡಿಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮುಂದಿನ ನಾಟಿಗೂ ಇಲ್ಲಿಯೇ ಕೊಳ್ಳುತ್ತೇನೆ, ಗೊಬ್ಬರದಲ್ಲಿ ಬೆರೆಸಿಡಲು ಸಮಯ ಉಳಿಯುವಂತೆ ಮಾರ್ಚ್ ತಿಂಗಳಲ್ಲೇ, ಹೊಸ ಬ್ಯಾಚ್ ಬಂದಿದೆಯೇ ಎಂದು ಕೇಳಿಕೊಂಡು.